ಅತಿಯಾಗಿ ಯೋಚಿಸುವ ಅಭ್ಯಾಸ: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಓವರ್‌ಥಿಂಕಿಂಗ್ ಬಗ್ಗೆ ನಮ್ಮ ಎರಡು ಜಿಲ್ಲೆಗಳ ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳಿವು. ಕೇಳುವ ಧಾಟಿಯಲ್ಲೇ ಇಟ್ಟಿದ್ದೇವೆ. ಅವಸರ ಇದ್ದವರು ಚಿಂತೆಯ ಹೊತ್ತಿನ ಬಗ್ಗೆ ಇರುವ ಉತ್ತರವನ್ನೂ ರಾತ್ರಿಯ ಬಗ್ಗೆ ಇರುವುದನ್ನೂ ಮೊದಲು ಓದಿ. ಸಾಯುವ ಯೋಚನೆ ಬರುತ್ತಿದ್ದರೆ ಓದುತ್ತ ಕೂರಬೇಡಿ. ಮನೆಯವರೊಬ್ಬರಿಗೆ ಹೇಳಿ, ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಫೋನ್ ಮಾಡಿ.

ಯೋಚನೆ ಮಾಡದೆ ಬದುಕೋಕಾಗುತ್ತಾ? ಎಲ್ಲಿಂದ ಮುಂದೆ ಅದು ಅತಿ?

ಎಷ್ಟು ಹೊತ್ತು ಯೋಚಿಸಿದಿರಿ ಎನ್ನುವುದಕ್ಕಿಂತ ಕೊನೆಗೆ ಕೈಗೆ ಏನು ಸಿಕ್ಕಿತು ಎಂದು ನೋಡಿ. ಅರ್ಧ ಗಂಟೆ ಯೋಚಿಸಿದ ಮೇಲೆ ಒಂದು ಹೊಸ ಮಾಹಿತಿ, ಒಂದು ತೀರ್ಮಾನ, ಇಲ್ಲವೇ ನಾಳೆ ಮಾಡಬೇಕಾದ ಒಂದು ಕೆಲಸ ಹುಟ್ಟಿದ್ದರೆ ಸರಿ, ಆ ಹೊತ್ತು ದಂಡವಾಗಲಿಲ್ಲ. ಮೂರರಲ್ಲಿ ಒಂದೂ ಇಲ್ಲದೆ ಹೊರಟ ಜಾಗಕ್ಕೇ ಬಂದು ನಿಂತಿದ್ದರೆ ಅತಿಯಾಯಿತು.

ಮಾರ್ಚ್ ತಿಂಗಳ ರೋಬಸ್ಟಾ ತೋಟವನ್ನೇ ತಗೊಳ್ಳಿ. ಮೊಗ್ಗು ಬಲಿತಿದೆ, ಹೂಮಳೆ ಬಂದಿಲ್ಲ, ಕೆರೆಯ ತಳ ಕಾಣುತ್ತಿದೆ. ಹೂ ಚೆನ್ನಾಗಿ ಅರಳಲು ಸುಮಾರು ಒಂದು ಇಂಚು ಮಳೆಯಾದರೂ ಬೇಕು. ಅರೆಬರೆ ಹನಿದು ನಿಂತರೆ ಮೊಗ್ಗು ಕೆಡುತ್ತದೆ. "10ನೇ ತಾರೀಖಿನೊಳಗೆ ಒಂದು ಇಂಚು ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಿಸ್ತೀನಿ, ಡೀಸೆಲ್ ನಾಳೆ ಬೆಳಗ್ಗೆ ತರಿಸ್ತೀನಿ, ಮೊದಲು ಕೆರೆ ಪಕ್ಕದ ಬ್ಲಾಕು" ಎಂದು ತೋಟದ ಲೆಕ್ಕ ನೋಡುವ ರೈಟರ್ ಜೊತೆ ಕೂತು ಲೆಕ್ಕ ಹಾಕಿದರೆ ಇಪ್ಪತ್ತು ನಿಮಿಷದ ಕೆಲಸ. ಅದೇ ಮನುಷ್ಯ ರಾತ್ರಿ ಹನ್ನೊಂದಕ್ಕೆ ಮಗ್ಗುಲಾಗಿ ಮಲಗಿ, ಆರನೇ ಸಲ ಹವಾಮಾನದ ಆಪ್ ತೆಗೆದು, ಮೋಡದ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ನೋಡುತ್ತಾನೆ. ಪಕ್ಕದ ತೋಟಕ್ಕೆ ಬಿದ್ದು ನಮಗೆ ಬೀಳದಿದ್ದರೆ? ಬೆಳೆ ಹೋದರೆ ಬ್ಯಾಂಕಿನವರು ಸುಮ್ಮನಿರ್ತಾರಾ? ಮಗಳ ಫೀಸು? ಹೀಗೆ ಒಂದೂವರೆ ಗಂಟೆ ಹೋಗುತ್ತದೆ. ಮಳೆ ಹನಿಯಷ್ಟೂ ಹೆಚ್ಚಾಗಿರುವುದಿಲ್ಲ, ಬೆಳಗ್ಗೆ ನಿದ್ದೆಗೆಟ್ಟ ಕಣ್ಣಲ್ಲಿ ಡೀಸೆಲ್ ತರಿಸುವುದೂ ಮರೆತುಹೋಗಿರುತ್ತದೆ.

ಹಿಂದಿನದನ್ನೇ ಕೆದಕೋದು, ಮುಂದಿನದಕ್ಕೆ ಹೆದರೋದು, ಎರಡೂ ಒಂದೇನಾ?

ಅಕ್ಕತಂಗಿಯರಿದ್ದಂತೆ, ಒಂದೇ ಮನೆಯಲ್ಲಿ ಇರುತ್ತವೆ. ಮುಂದಾಗುವುದರ ಬಗ್ಗೆ "ಹಾಗಾದರೆ? ಹೀಗಾದರೆ?" ಎನ್ನುವುದು ಚಿಂತೆ. ಆಗಿಹೋದದ್ದರ ಬಗ್ಗೆ "ಯಾಕೆ ಹಾಗೆ ಅಂದರು? ನಾನು ಯಾಕೆ ಸುಮ್ಮನಿದ್ದೆ?" ಎನ್ನುವುದು ಕೊರಗು. ಚಿಂತೆ ಹೆಚ್ಚಾಗಿ ಆತಂಕದ ಕಡೆಗೆ ಎಳೆಯುತ್ತದೆ, ಕೊರಗು ಖಿನ್ನತೆಯ ಕಡೆಗೆ. ಕೊರಗಿನ ಬಗ್ಗೆ 1990ರ ದಶಕದಿಂದ ಕೆಲಸ ಮಾಡಿದ ಅಮೆರಿಕದ ಮನೋವಿಜ್ಞಾನಿ ಸೂಸನ್ ನೋಲೆನ್-ಹೋಕ್ಸೆಮಾ ತೋರಿಸಿದ್ದು ಇದನ್ನೇ: ಬೇಸರವಾದಾಗ ಅದರ ಕಾರಣವನ್ನೇ ಕೆದಕುತ್ತ ಕೂರುವವರ ಬೇಸರ ಹೆಚ್ಚು ದಿನ ಉಳಿಯುತ್ತದೆ.

ಮದ್ದು ಸ್ವಲ್ಪ ಬೇರೆ. ಕೊರಗಿನಲ್ಲಿ "ಯಾಕೆ" ಎಂದು ಶುರುವಾಗುವ ಪ್ರಶ್ನೆಗೆ ತಳವೇ ಇರುವುದಿಲ್ಲ. ಆಸ್ತಿ ಪಾಲಿನ ದಿನ ಅಣ್ಣ ಹತ್ತು ಜನರ ಮುಂದೆ ಒಂದು ಮಾತಂದ ಎಂದಿಟ್ಟುಕೊಳ್ಳಿ. "ಅವನು ಯಾಕೆ ಹಾಗಂದ" ಎನ್ನುವುದಕ್ಕೆ ಉತ್ತರ ಅವನ ತಲೆಯೊಳಗಿದೆ, ನಿಮಗೆ ಸಿಗುವುದಿಲ್ಲ. ಪ್ರಶ್ನೆಯನ್ನು ಹೀಗೆ ತಿರುಗಿಸಿ: ಅವನು ಅಂದದ್ದು ಏನು, ಅಕ್ಷರಶಃ? ಆಮೇಲೆ ನಾನು ಏನು ಮಾಡಿದೆ? ಇನ್ನೊಮ್ಮೆ ಅಂಥದ್ದೇ ಆದರೆ ಯಾವ ಮಾತು ಹೇಳುತ್ತೇನೆ? ಈ ವಾರ ಅವನಿಗೆ ಫೋನ್ ಮಾಡುವುದಿದೆಯೋ ಇಲ್ಲವೋ? ಇವಕ್ಕೆಲ್ಲ ಉತ್ತರವಿದೆ, ಉತ್ತರ ಸಿಕ್ಕ ಮೇಲೆ ಮುಗಿಯುತ್ತವೆ.

ಬೇಡ ಬೇಡ ಅಂದ್ಕೊಂಡಷ್ಟೂ ಅದೇ ಬರುತ್ತೆ. ಯಾಕೆ?

ಬೇಡ ಅನ್ನುವುದರಿಂದಲೇ. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಜನರಿಗೆ ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ನೆನಪಾದಾಗೆಲ್ಲ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ "ಈಗ ಯೋಚಿಸಬಹುದು" ಎಂದಾಗ, ಮೊದಲಿಂದಲೂ ಯೋಚಿಸಲು ಬಿಟ್ಟವರಿಗಿಂತ ಇವರ ತಲೆಗೆ ಕರಡಿ ಹೆಚ್ಚು ಸಲ ಬಂತು. ಯೋಚನೆ ಬಂದಿಲ್ಲ ತಾನೇ ಎಂದು ಕಾಯಲು ಮನಸ್ಸು ಅದೇ ಯೋಚನೆಯನ್ನು ನೆನಪಿಟ್ಟುಕೊಳ್ಳಬೇಕಾಗುತ್ತದೆ.

ಯೋಚನೆ ಬರುವುದು ನಿಮ್ಮ ಕೈಯಲ್ಲಿಲ್ಲ. ಬಂದದ್ದಕ್ಕೆ ಉತ್ತರ ಕೊಡುತ್ತ ಕೂರುವುದು ಮಾತ್ರ ಕೈಯಲ್ಲಿದೆ. ಬಂದಾಗ ಮನಸ್ಸಿನಲ್ಲೇ "ಸಾಲದ ಯೋಚನೆ ಬಂತು" ಎಂದು ಒಂದು ಸಲ ಹೇಳಿ. ಓಡಿಸಬೇಡಿ, ವಾದ ಮಾಡಬೇಡಿ, "ಹಾಗೇನೂ ಆಗಲ್ಲ" ಎಂದು ಸಮಾಧಾನವನ್ನೂ ಹೇಳಿಕೊಳ್ಳಬೇಡಿ. ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಹತ್ತು ಸೆಕೆಂಡಿಗೆ ಮತ್ತೆ ಬರುತ್ತದೆ, ಮತ್ತೆ ಅದನ್ನೇ ಮಾಡಿ. ಮೊದಲ ದಿನಗಳಲ್ಲಿ ನೂರು ಸಲ ಬಂದರೂ ಅದು ಸೋಲಲ್ಲ.

ಯೋಚನೆ ಮಾಡಿದ್ರೆ ಏನೂ ಪ್ರಯೋಜನ ಇಲ್ಲ ಅಂತ ಗೊತ್ತು. ಆದರೂ ಬಿಡೋಕೆ ಯಾಕಾಗಲ್ಲ?

ಒಳಗೆಲ್ಲೋ ಅದರಿಂದ ಪ್ರಯೋಜನ ಇದೆ ಎಂದು ನಂಬಿರುತ್ತೀರಿ, ಅದಕ್ಕೆ. ಮೊದಲೇ ಚಿಂತೆ ಮಾಡಿದ್ದರೆ ಪೆಟ್ಟು ಕಡಿಮೆ ಬೀಳುತ್ತದೆ, ಚಿಂತೆ ಮಾಡುವುದೆಂದರೆ ಜವಾಬ್ದಾರಿ ಇದೆ ಎಂದರ್ಥ, ಚಿಂತೆ ಮಾಡದ ತಾಯಿ ಎಂಥ ತಾಯಿ. ನಾವು ಹೆದರಿದ್ದರಲ್ಲಿ ಹೆಚ್ಚಿನವು ಆಗುವುದೇ ಇಲ್ಲ. ಆಗದಿದ್ದಾಗ ಮನಸ್ಸು ಆ ಪುಣ್ಯವನ್ನು ಚಿಂತೆಯ ಖಾತೆಗೆ ಜಮಾ ಮಾಡುತ್ತದೆ: ಅಷ್ಟು ಯೋಚನೆ ಮಾಡಿದ್ದಕ್ಕೇ ಏನೂ ಆಗಲಿಲ್ಲ. ಇಂಥ ನಂಬಿಕೆಗಳನ್ನೇ ಗುರಿಯಾಗಿಸಿ ಚಿಕಿತ್ಸೆ ರೂಪಿಸಿದವರು ಬ್ರಿಟನ್ನಿನ ಏಡ್ರಿಯನ್ ವೆಲ್ಸ್. ನೀವೇ ಪರೀಕ್ಷೆ ಮಾಡಬಹುದು. ಎರಡು ವಾರ, ಹೆದರಿಕೆಯೊಂದು ಬಂದಾಗೆಲ್ಲ "ಏನಾಗುತ್ತೆ, ಯಾವಾಗ ಆಗುತ್ತೆ" ಎಂದು ಒಂದು ಸಾಲು ಬರೆದಿಡಿ. ಆ ತಾರೀಖು ಕಳೆದ ಮೇಲೆ ಪಕ್ಕದಲ್ಲಿ ಆಯಿತು ಅಥವಾ ಇಲ್ಲ ಎಂದು ಬರೆಯಿರಿ. ಆಗಿದ್ದರೆ, ಮೊದಲೇ ಚಿಂತಿಸಿದ್ದರಿಂದ ಆ ದಿನ ಯಾವ ಕೆಲಸ ಸುಲಭವಾಯಿತು ಎಂದೂ ಬರೆಯಿರಿ. ಈ ಮೂರನೇ ಕಾಲಂ ಸಾಮಾನ್ಯವಾಗಿ ಖಾಲಿ ಇರುತ್ತದೆ.

ಎರಡನೇ ಕಾರಣ ಹೆಚ್ಚು ಗಟ್ಟಿ, ಕಣ್ಣಿಗೆ ಬೀಳುವುದು ಕಡಿಮೆ. ಚಿಂತೆ ಬಂದಾಗ ನಾವು ಮಾಡುವ ಚಿಕ್ಕಪುಟ್ಟ ಸಮಾಧಾನದ ಕೆಲಸಗಳೇ ಅದನ್ನು ಸಾಕುತ್ತವೆ. ಕಾಫಿ ರೇಟನ್ನು ದಿನಕ್ಕೆ ಹದಿನೈದು ಸಲ ನೋಡುವುದು. ಕಳಿಸಿದ ವಾಟ್ಸಾಪ್ ಸಂದೇಶವನ್ನು ಮತ್ತೆ ಮತ್ತೆ ಓದಿ ನೀಲಿ ಗೆರೆ ಬಿತ್ತಾ ಎಂದು ಕಾಯುವುದು. ಎದೆ ಚುಚ್ಚಿದರೆ ಗೂಗಲ್. "ಅವರಿಗೆ ಬೇಜಾರಾಗಿಲ್ಲ ಅಲ್ವಾ?" ಎಂದು ಹೆಂಡತಿಗೆ ಒಮ್ಮೆ, ತಂಗಿಗೆ ಒಮ್ಮೆ, ಮತ್ತೆ ಹೆಂಡತಿಗೆ ಕೇಳುವುದು. ಪ್ರತಿಸಲ ಹತ್ತು ನಿಮಿಷ ಹಗುರವಾಗುತ್ತದೆ. ಆ ಹಗುರವೇ ತೊಂದರೆ: ನೋಡಿದ್ದರಿಂದ ತಡೆದುಕೊಂಡೆ ಎಂದು ಮಿದುಳು ಕಲಿಯುತ್ತದೆ, ಮುಂದಿನ ಸಲ ಇನ್ನೂ ಬೇಗ ನೋಡು ಎನ್ನುತ್ತದೆ. ಯಾವ ಅಭ್ಯಾಸವನ್ನು ಮೊದಲು ಮುಟ್ಟಬೇಕು ಎಂದು ಕೇಳಿದರೆ ನಾವು ಇದನ್ನೇ ಹೇಳುತ್ತೇವೆ, ಯೋಚನೆಯನ್ನಲ್ಲ. ಯೋಚನೆ ಲೆಕ್ಕಕ್ಕೆ ಸಿಗುವುದಿಲ್ಲ, ಫೋನ್ ತೆಗೆದದ್ದು ಸಿಗುತ್ತದೆ.

ಒಂದೇ ಸಲಕ್ಕೆ ನಿಲ್ಲಿಸಲು ಹೋಗಬೇಡಿ. ಮೊದಲ ಮೂರು ದಿನ ಎಷ್ಟು ಸಲ ನೋಡುತ್ತೀರಿ ಎಂದು ಗೀಟು ಹಾಕಿ. ಹದಿನೈದು ಇದ್ದರೆ ನಾಲ್ಕನೇ ದಿನದಿಂದ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಹೊತ್ತು ಕಟ್ಟಿ ಐದಕ್ಕೆ ಇಳಿಸಿ, ಮುಂದಿನ ವಾರ ಎರಡಕ್ಕೆ. ನಡುವೆ ತುಡಿತ ಬಂದರೆ ಹತ್ತು ನಿಮಿಷ ತಡೆಯಿರಿ. ತುಡಿತ ಏರುತ್ತದೆ, ತುದಿ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ. ಅದು ಇಳಿಯುವುದನ್ನು ಹತ್ತಾರು ಸಲ ಕಂಡರೇ ಮಿದುಳಿಗೆ ಹೊಸ ಪಾಠ.

"ಚಿಂತೆಗೊಂದು ಹೊತ್ತು" ಇಡಿ ಅಂತಾರೆ. ನಿಜವಾಗ್ಲೂ ಹೇಗೆ ಮಾಡೋದು?

ಕೇಳಿದರೆ ನಗು ಬರುವ, ಮಾಡಿದವರಿಗೆ ಉಪಯೋಗವಾಗುವ ವಿಧಾನ. ಪೆನ್ಸಿಲ್ವೇನಿಯಾದ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲೇ ಇದನ್ನು ಪರೀಕ್ಷಿಸಿದ್ದರು. ತತ್ವ ಇಷ್ಟೇ: ಹಾಸಿಗೆ, ಬಸ್ಸು, ಬಚ್ಚಲು, ಊಟದ ಎಲೆ ಎಲ್ಲ ಕಡೆ ಚಿಂತೆ ಮಾಡಿ ಮಾಡಿ ಎಲ್ಲ ಜಾಗಕ್ಕೂ ಚಿಂತೆ ಅಂಟಿಕೊಂಡಿರುತ್ತದೆ. ಅದನ್ನು ಒಂದೇ ಜಾಗ, ಒಂದೇ ಹೊತ್ತಿಗೆ ಕಟ್ಟಬೇಕು.

ದಿನಾ 20 ನಿಮಿಷ, ಹೆಚ್ಚೆಂದರೆ 30. ಸಂಜೆ ಐದೂವರೆ, ಆರು ಒಳ್ಳೆಯ ಹೊತ್ತು. ಆಳುಗಳಿಗೆ ಬಟವಾಡೆ ಮುಗಿದಿರುತ್ತದೆ, ಆಫೀಸಿನವರು ಮನೆ ಸೇರುವ ಹೊತ್ತು. ಮಲಗುವ ಹೊತ್ತಿಗೂ ಇದಕ್ಕೂ ಮೂರು ಗಂಟೆಯಾದರೂ ಅಂತರ ಇರಲಿ. ಹಾಸಿಗೆ, ಸೋಫಾ ಬೇಡ, ಗಟ್ಟಿ ಕುರ್ಚಿ ಸಾಕು. ಒಂದು ನೂರು ಪುಟದ ನೋಟ್‌ಬುಕ್ಕು, ಪೆನ್ನು, ಮೊಬೈಲಿನಲ್ಲಿ ಅಲಾರಂ.

ಹಗಲಲ್ಲಿ ಚಿಂತೆ ಬಂದಾಗ ಚೀಟಿಯಲ್ಲಿ ಮೂರು ನಾಲ್ಕು ಪದ ಗೀಚಿ: "ಕಾಳುಮೆಣಸು ಸೊರಗು ರೋಗ", "ಅತ್ತೆ ಆಪರೇಷನ್". ಆರು ಗಂಟೆಗೆ ಎಂದು ಹೇಳಿಕೊಂಡು ಕೆಲಸಕ್ಕೆ ಮರಳಿ. ಆರು ಗಂಟೆಗೆ ಚೀಟಿ ತೆಗೆದು, ಒಂದೊಂದರ ಮುಂದೆಯೂ ಇದರಲ್ಲಿ ನನ್ನ ಕೈಯಲ್ಲಿರುವುದು ಏನಾದರೂ ಇದೆಯಾ ಎಂದು ಕೇಳಿ. ಇದ್ದರೆ ಏನು, ಯಾವಾಗ, ಯಾರ ಜೊತೆ ಎಂದು ಒಂದು ಸಾಲು ಬರೆಯಿರಿ. "ಮೆಣಸಿನ ಬಗ್ಗೆ ಏನಾದರೂ ಮಾಡಬೇಕು" ಎಂದು ಬರೆದರೆ ಅದು ರಾತ್ರಿ ಮತ್ತೆ ಎಬ್ಬಿಸುತ್ತದೆ. "ಗುರುವಾರ ಬೆಳಗ್ಗೆ ಹತ್ತಕ್ಕೆ ಎರಡು ಬಳ್ಳಿಯ ಬುಡದ ಬೇರು, ಮಣ್ಣು ತಗೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗೋದು" ಎಂದರೆ ಸಾಮಾನ್ಯವಾಗಿ ಎಬ್ಬಿಸುವುದಿಲ್ಲ. ಮುಗಿಯದ ಕೆಲಸಕ್ಕೆ ಖಚಿತವಾದ ಯೋಜನೆ ಸಿಕ್ಕರೆ, ಕೆಲಸ ಆಗದಿದ್ದರೂ, ಮನಸ್ಸು ಅದನ್ನು ಪದೇ ಪದೇ ಮುಂದೆ ತರುವುದು ಕಡಿಮೆಯಾಗುತ್ತದೆ ಎಂದು 2011ರ ಒಂದು ಅಧ್ಯಯನವೂ ಕಂಡುಕೊಂಡಿದೆ. ಕೈಯಲ್ಲಿ ಇಲ್ಲದ್ದನ್ನು, ಉದಾಹರಣೆಗೆ ಮುಂದಿನ ವರ್ಷದ ರೇಟು, ಹಾಗೇ ಇರಲು ಬಿಟ್ಟು ಹತ್ತು ನಿಮಿಷ ಬೇಕಾದಷ್ಟು ಚಿಂತೆ ಮಾಡಿ. ಅಲಾರಂ ಹೊಡೆದ ಕೂಡಲೇ ಏಳಿ, ಮೈ ಆಡುವ ಕೆಲಸ ಹಿಡಿಯಿರಿ. ದನಕ್ಕೆ ಹುಲ್ಲು ಹಾಕುವುದು, ಪಾತ್ರೆ, ಒಂದು ಸುತ್ತು ನಡಿಗೆ.

ಕೈಕೊಡುವುದು ಎಲ್ಲಿ? ಚೆನ್ನಾಗಿದ್ದ ದಿನ ಕೂರದೇ ಇರುವುದು ಮೊದಲನೆಯದು. ಇವತ್ತು ಏನೂ ಇಲ್ಲ ಎಂದು ಬಿಟ್ಟರೆ, ನಾಳೆ ಹಗಲಲ್ಲಿ "ಆರು ಗಂಟೆಗೆ" ಎಂದಾಗ ಮನಸ್ಸು ನಂಬುವುದಿಲ್ಲ. ಚೀಟಿ ಖಾಲಿ ಇದ್ದರೂ ಕೂತು, ಐದು ನಿಮಿಷಕ್ಕೆ ಏಳಿ. ಎರಡನೆಯದು, ಚೀಟಿಯಲ್ಲಿ ಪುಟಗಟ್ಟಲೆ ಬರೆಯುವುದು. ಅದು ಚಿಂತೆಯೇ ಪೆನ್ನು ಹಿಡಿದಂತೆ. ಮೂರನೆಯದು, ನಾಲ್ಕು ದಿನಕ್ಕೆ ಬಿಟ್ಟುಬಿಡುವುದು. ಎರಡರಿಂದ ಮೂರು ವಾರ ಕೊಡಿ.

ರಾತ್ರಿ ಮಲಗಿದ ಕೂಡಲೇ ಶುರುವಾಗುತ್ತೆ. ಮೂರು ಗಂಟೆಗೆ ಎಚ್ಚರ ಆದ್ರೆ ಕತೆ ಮುಗೀತು.

ಹಗಲಲ್ಲಿ ಸದ್ದು, ಜನ, ಕೆಲಸ ಇರುತ್ತದೆ. ರಾತ್ರಿ ಇವು ಯಾವುವೂ ಇಲ್ಲ, ಸೋತ ಮಿದುಳಿಗೆ ತೂಗಿ ನೋಡುವ ಶಕ್ತಿಯೂ ಕಡಿಮೆ. ಮೂರು ಗಂಟೆಗೆ ಬೆಟ್ಟದಷ್ಟು ಕಂಡದ್ದು ಬೆಳಗ್ಗೆ ತಿಂಡಿ ಹೊತ್ತಿಗೆ ಸಾಮಾನ್ಯವಾಗಿ ಬಾಳೆಕಾಯಿಯಷ್ಟಿರುತ್ತದೆ. ಹಾಗಾಗಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಯಾವ ತೀರ್ಮಾನವೂ ಇಲ್ಲ ಎಂದು ನಿಯಮ ಮಾಡಿಕೊಳ್ಳಿ.

ಮಲಗುವ ಮುಂಚೆ ಐದು ನಿಮಿಷ, ನಾಳೆ ಮಾಡಬೇಕಾದ ಕೆಲಸಗಳನ್ನು ಬಿಡಿಬಿಡಿಯಾಗಿ ಬರೆಯಿರಿ. ಇದರ ಬಗ್ಗೆ 2018ರಲ್ಲಿ ನಿದ್ದೆಯ ಪ್ರಯೋಗಾಲಯದಲ್ಲಿ ಒಂದು ಪ್ರಯೋಗ ನಡೆದಿತ್ತು: ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಮಾಡಬೇಕಾದ ಕೆಲಸಗಳನ್ನು ಬರೆದವರು ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು.

ಮಲಗಿ ಅಂದಾಜು 20 ನಿಮಿಷವಾದರೂ ನಿದ್ದೆ ಬರದಿದ್ದರೆ ಏಳಿ. ಅಂದಾಜು ಸಾಕು, ಗಡಿಯಾರ ನೋಡಬೇಡಿ. ಗೋಡೆ ಗಡಿಯಾರ ಕಾಣದಂತೆ ತಿರುಗಿಸಿಡಿ. ಬೇರೆ ಕೋಣೆಯಲ್ಲಿ ಮಂದ ಬೆಳಕಲ್ಲಿ ಕೂತು ಸಪ್ಪೆ ಕೆಲಸ ಮಾಡಿ: ಹಳೆಯ ಮಾಸಪತ್ರಿಕೆ, ಬಟ್ಟೆ ಮಡಿಸುವುದು. ಫೋನ್ ಆ ಕೋಣೆಗೂ ಬರಬಾರದು. ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಹೋಗಿ. ಎಷ್ಟೇ ಕಡಿಮೆ ನಿದ್ದೆಯಾದರೂ ಬೆಳಗ್ಗೆ ಏಳುವ ಹೊತ್ತು ಬದಲಾಗಬಾರದು. ಮೊದಲ ವಾರ ನಿದ್ದೆ ಇನ್ನೂ ಕಡಿಮೆಯಾದಂತೆ ಅನಿಸುತ್ತದೆ, ಅಲ್ಲೇ ಬಹಳ ಜನ ಬಿಡುತ್ತಾರೆ. ಜೀಪು, ಪಿಕಪ್ ಓಡಿಸುವವರು ಆ ವಾರ ಘಾಟಿ ಕಡೆಯ ರಾತ್ರಿ ಪ್ರಯಾಣ ಇಟ್ಟುಕೊಳ್ಳಬೇಡಿ.

ಕಾಫಿ ಬಿಡಬೇಕಾ?

ಚಿಕ್ಕಮಗಳೂರಲ್ಲಿ ಕೂತು ಈ ಪ್ರಶ್ನೆಗೆ ಉತ್ತರ ಬರೆಯಲು ಧೈರ್ಯ ಬೇಕು. ಬಿಡಬೇಕಿಲ್ಲ, ಹೊತ್ತು ಮತ್ತು ಪುಡಿ ನೋಡಿಕೊಳ್ಳಿ. ಕೆಫೀನಿನ ಅರ್ಧ ಭಾಗ ಮೈಯಿಂದ ಇಳಿಯಲು ಸರಾಸರಿ ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ಗರ್ಭಿಣಿಯರಲ್ಲಿ ಇನ್ನೂ ನಿಧಾನ. ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ದುಪ್ಪಟ್ಟು ಕೆಫೀನ್ ಇದೆ, ಚಿಕೋರಿಯಲ್ಲಿ ಏನೂ ಇಲ್ಲ. ಮನೆಯ ರೋಬಸ್ಟಾವನ್ನೇ ಹುರಿದು ಗಟ್ಟಿ ಡಿಕಾಕ್ಷನ್ ಇಳಿಸುವವರು ಎರಡು ಲೋಟ ಎಂದು ಲೆಕ್ಕ ಹೇಳಿದರೂ ಮೈಗೆ ಹೋಗುವುದು ಅದಕ್ಕಿಂತ ಹೆಚ್ಚು.

ಎದೆ ಬಡಿತ, ಕೈ ನಡುಕ, ಚಡಪಡಿಕೆ ಕೆಫೀನಿನಿಂದ ಬಂದರೂ ಮನಸ್ಸು ಅದಕ್ಕೊಂದು ಕಾರಣ ಹುಡುಕುತ್ತದೆ, ಸಾಲವೋ ಮಗನೋ ಹೇಗೂ ಸಿದ್ಧವಾಗಿರುತ್ತದೆ. ಕೊನೆಯ ಲೋಟ ಮಧ್ಯಾಹ್ನ ಎರಡರ ಒಳಗೆ ಮುಗಿಸಿ ಎರಡು ವಾರ ನೋಡಿ. ಕಡಿಮೆ ಮಾಡುವುದಾದರೆ ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಭಾಗದಂತೆ ಇಳಿಸಿ. ಥಟ್ಟನೆ ನಿಲ್ಲಿಸಿದರೆ ಮರುದಿನವೇ ತಲೆನೋವು, ಸಿಡುಕು ಶುರುವಾಗಿ ವಾರದವರೆಗೂ ಇರಬಹುದು. ಟೀಯಲ್ಲೂ ಕೆಫೀನ್ ಇದೆ, ಬದಲಿಗೆ ಅದನ್ನು ಹಿಡಿದರೆ ಲೆಕ್ಕಕ್ಕೆ ಸೇರಿಸಿ.

ಕಾಫಿ ಮಾರಬೇಕಾ, ಇಟ್ಕೋಬೇಕಾ? ಈ ತರ ತೀರ್ಮಾನ ಮಾಡೋಕೇ ಆಗಲ್ಲ.

ಮಾರಿದ ಮರುದಿನ ರೇಟು ಏರಿದರೆ, ಇಟ್ಟುಕೊಂಡಾಗ ಬಿದ್ದರೆ, ಎರಡೂ ಕಡೆ ಪಶ್ಚಾತ್ತಾಪ ಕಾದಿದೆ. ಅತ್ಯುತ್ತಮ ದಿನ ಯಾವುದೆಂದು ಮೊದಲೇ ತಿಳಿಯಲು ಯಾರಿಂದಲೂ ಆಗದು, ಆದ್ದರಿಂದ ಅದನ್ನು ಹುಡುಕುವ ಯೋಚನೆಗೆ ಕೊನೆಯೂ ಇಲ್ಲ. ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ 1950ರ ದಶಕದಲ್ಲೇ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ: ಸಾಕು ಎನ್ನುವ ಮಟ್ಟವನ್ನು ಮೊದಲೇ ಗೊತ್ತುಮಾಡಿ, ಅದು ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸಿ. ಖರ್ಚು, ಸಾಲದ ಕಂತು, ಮನೆಯ ಅಗತ್ಯ ಸೇರಿಸಿ 50 ಕೆಜಿ ಮೂಟೆಗೆ ಎಷ್ಟು ಸಿಕ್ಕರೆ ಸಾಕು ಎಂದು ಹಗಲಲ್ಲಿ ಬರೆಯಿರಿ. ಕೆಲವರು ಇಡೀ ಬೆಳೆಯನ್ನು ಮೂರು ಕಂತಿಗೆ ತಾರೀಖು ಹಾಕಿ ಮಾರುತ್ತಾರೆ. ಲಾಭ ಹೆಚ್ಚೇ ಆಗುತ್ತದೆಂದು ಹೇಳಲಾಗದು, ನಿದ್ದೆ ಬರುವುದಂತೂ ಹೌದು. ಸಲಹೆ ಕೇಳುವುದಿದ್ದರೆ ಮೂರು ಜನ ಸಾಕು. ನಾಲ್ಕನೆಯವರನ್ನು ಕೇಳಬೇಕು ಅನಿಸಿದರೆ ಅದು ಮಾಹಿತಿಯ ಹಸಿವಲ್ಲ, ಸಮಾಧಾನದ್ದು.

ಸೀರೆ ಬಣ್ಣ, ಮಿಕ್ಸಿ ಕಂಪನಿಯಂಥದಕ್ಕೆ ಎರಡು ನಿಮಿಷ ಮಿತಿ ಹಾಕಿ, ಬಿಟ್ಟು ಮುಂದೆ ಹೋಗಿ.

ಮಗ ಬೆಂಗಳೂರಿಂದ ಹೊರಟು ಫೋನ್ ಎತ್ತದಿದ್ರೆ ಜೀವ ಹೋದಂಗಾಗುತ್ತೆ.

ಹೊರಡುವ ಮುಂಚೆಯೇ ಒಪ್ಪಂದ ಮಾಡಿಕೊಳ್ಳಿ: ಹೊರಟಾಗ ಒಂದು ಸಂದೇಶ, ತಲುಪಿದಾಗ ಒಂದು. ನಡುವೆ ಫೋನ್ ಇಲ್ಲ. ಗಾಡಿ ಓಡಿಸುವವನಿಗೆ ಫೋನ್ ಮಾಡುವುದೇ ಅಪಾಯ. ತಲುಪಬೇಕಾದ ಹೊತ್ತಿಗಿಂತ ಎಷ್ಟು ತಡವಾದರೆ ವಿಚಾರಿಸಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿ. ಒಂದೂವರೆ ಗಂಟೆ ಎನ್ನಿ. ಮಳೆಗಾಲದಲ್ಲಿ ಕರಾವಳಿಯಿಂದ ಶಿರಾಡಿ, ಚಾರ್ಮಾಡಿ ಘಾಟಿ ದಾಟಿ ಬರುವವರಿಗೆ ಇನ್ನೂ ಹೆಚ್ಚು, ಅಲ್ಲಿ ಎಷ್ಟೋ ಕಡೆ ನೆಟ್‌ವರ್ಕೇ ಇರುವುದಿಲ್ಲ.

ಬೆಳಗಿನ ಜಾವ ತೋಟಕ್ಕೆ ಹೋಗೋಕೆ ಆನೆ ಭಯ. ಇದೂ ಓವರ್‌ಥಿಂಕಿಂಗಾ?

ಅಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಅದು ನಿಜವಾದ ಅಪಾಯ, ಆ ಭಯ ಇರಬೇಕು. ಆನೆ ಎಲ್ಲಿದೆ ಎಂದು ವಿಚಾರಿಸಿ, ಬೆಳಕಾದ ಮೇಲೆ, ಜೊತೆಯಲ್ಲಿ ಹೋಗುವುದು ಎಚ್ಚರಿಕೆ. ಹಾಸನ ಪಟ್ಟಣದ ಬಾಡಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅದೇ ವಿಡಿಯೋಗಳನ್ನು ರಾತ್ರಿ ಒಂದರವರೆಗೆ ನೋಡಿದರೆ ಬೇರೆ ಮಾತು.

ದೇವರ ಮೇಲೆ ಭಾರ ಹಾಕಿದ್ರೆ ಸಾಲದಾ? ಜಪ, ಶಾಸ್ತ್ರ ಕೇಳೋದು?

ಭಾರ ಹಾಕಿ ನಿಜಕ್ಕೂ ಬಿಟ್ಟುಬಿಡುವವರಿಗೆ ಅದು ದೊಡ್ಡ ಆಸರೆ. ದಿನವೂ ನಿಗದಿತ ಹೊತ್ತಿಗೆ ಮಾಡುವ ಜಪ, ಭಜನೆ ಗಮನವನ್ನು ಒಂದೆಡೆ ನಿಲ್ಲಿಸುವ ಒಳ್ಳೆಯ ಅಭ್ಯಾಸ. ಎಡವುವುದು ಎಲ್ಲೆಂದರೆ, ದೇವರ ಮುಂದೆ ಹೂವಿನ ಪ್ರಸಾದ ಕೇಳಿ ಬಲಕ್ಕೆ ಬಿದ್ದ ಮೇಲೂ, ಸರಿಯಾಗಿ ಬಿತ್ತಾ ಎಂದು ಇನ್ನೊಂದು ಸಲ ಕೇಳುವುದು, ಒಬ್ಬ ಜೋಯಿಸರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ತಾಳೆ ನೋಡುವುದು. ಅದು ರೇಟು ನೋಡುವುದಕ್ಕಿಂತ ಬೇರೆಯಲ್ಲ.

ಕೆಟ್ಟ ಯೋಚನೆಯೊಂದು ಬಂದಾಗೆಲ್ಲ ಇಷ್ಟೇ ಸಲ ಹೆಸರು ಹೇಳದಿದ್ದರೆ ಮನೆಯವರಿಗೆ ಕೇಡಾಗುತ್ತದೆ ಎಂದು ಹೇಳುತ್ತಲೇ ಇರಬೇಕಾಗಿದ್ದರೆ, ಅದು ಗೀಳು ಕಾಯಿಲೆಯ ಲಕ್ಷಣ ಇರಬಹುದು. ಬಾಣಂತಿಯರಿಗೆ ಮಗುವಿಗೆ ನಾನೇ ಏನಾದರೂ ಮಾಡಿಬಿಟ್ಟರೆ ಎಂಬ ಭಯಂಕರ ಯೋಚನೆ ಬರುವುದೂ ಉಂಟು, ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ. ಇವಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಮನೋವೈದ್ಯರಿಗೆ ಬಿಚ್ಚಿ ಹೇಳಿ.

ಧ್ಯಾನಕ್ಕೆ ಕೂತರೆ ಯೋಚನೆ ಇನ್ನೂ ಜಾಸ್ತಿ. ಬೇರೆ ಏನಾದ್ರೂ?

ಕಣ್ಣು ಮುಚ್ಚಿದರೆ ಕಂಗೆಡುವವರಿಗೆ ಸದ್ದಿನ ಅಭ್ಯಾಸ ಸುಲಭ. ಇದೂ ಏಡ್ರಿಯನ್ ವೆಲ್ಸ್ ಅವರದೇ, ಒಟ್ಟು 12 ನಿಮಿಷ. ಕಣ್ಣು ತೆರೆದೇ ಒಂದು ಕಡೆ ಕೂತು ಐದಾರು ಸದ್ದು ಗುರುತಿಸಿ: ಫ್ಯಾನು, ದೂರದ ಪಂಪು, ಜೀರುಂಡೆ, ರಸ್ತೆಯ ಬಸ್ಸು, ಅಡುಗೆಮನೆ ನಲ್ಲಿ, ಪಕ್ಕದ ಮನೆ ಟಿವಿ. ಐದು ನಿಮಿಷ ಒಂದೊಂದನ್ನೇ ಹಿಡಿದು ಕೇಳಿ, ಉಳಿದವು ಹಿಂದೆ ಇರಲಿ. ಇನ್ನೈದು ನಿಮಿಷ ಒಂದರಿಂದ ಇನ್ನೊಂದಕ್ಕೆ ಚಕಚಕನೆ ನೆಗೆಯಿರಿ. ಕೊನೆಯ ಎರಡು ನಿಮಿಷ ಎಲ್ಲವನ್ನೂ ಒಟ್ಟಿಗೆ ಕೇಳಲು ನೋಡಿ. ನಡುವೆ ಯೋಚನೆ ಬಂದರೆ ಅದೂ ಒಂದು ಸದ್ದು ಎಂದುಕೊಂಡು ಮುಂದೆ ಹೋಗಿ. ಗಮನ ನಿಮ್ಮ ಮಾತು ಕೇಳುವಂತೆ ಪಳಗಿಸುವ ವ್ಯಾಯಾಮ ಇದು. ಹಾಗಾಗಿ ಆತಂಕ ಏರಿದಾಗ ತಪ್ಪಿಸಿಕೊಳ್ಳಲು ಬಳಸಬೇಡಿ, ಸಮಾಧಾನದ ಹೊತ್ತಲ್ಲಿ ದಿನಕ್ಕೊಮ್ಮೆ ಮಾಡಿ.

ಎರಡು ಪೆಗ್ ಹಾಕಿದ್ರೆ ತಲೆ ಸುಮ್ಮನಾಗುತ್ತಲ್ಲ?

ಮೂರು ನಾಲ್ಕು ಗಂಟೆಯ ಮಟ್ಟಿಗೆ ಸುಮ್ಮನಾಗುತ್ತದೆ. ಇಳಿಯುವಾಗ ಮಿದುಳು ಎದುರು ದಿಕ್ಕಿಗೆ ಜಿಗಿಯುತ್ತದೆ: ನಡುರಾತ್ರಿ ಎಚ್ಚರ, ಬೆವರು, ಎದೆ ಬಡಿತ, ಮೊದಲಿಗಿಂತ ಜೋರಾದ ಚಿಂತೆ. ದಿನವೂ ಕುಡಿಯುವವರು ತಾವಾಗಿ ಥಟ್ಟನೆ ನಿಲ್ಲಿಸಬಾರದು, ಫಿಟ್ಸ್ ಬರುವ ಅಪಾಯವಿದೆ. ವೈದ್ಯರ ಕೈಕೆಳಗೆ ನಿಲ್ಲಿಸಿ.

ಮನೆಯವರು ನಾವು ಏನು ಹೇಳಬೇಕು?

"ತಲೆ ಕೆಡಿಸ್ಕೋಬೇಡ" ಎನ್ನುವುದು ಬಿಳಿ ಕರಡಿಯ ಕತೆಯೇ. "ಏನೂ ಆಗಲ್ಲ ಬಿಡು" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವುದೂ ಚಿಂತೆಗೆ ಮೇವು. ಒಂದು ಸಲ ಪೂರ್ತಿ ಕೇಳಿ, ಅಡ್ಡ ಬಾಯಿ ಹಾಕದೆ. ಆಮೇಲೆ, "ಇದಕ್ಕೆ ಈಗ ಏನಾದರೂ ಮಾಡೋದಿದೆಯಾ, ಸುಮ್ಮನೆ ಕೇಳಿಸ್ಕೋಬೇಕಾ?" ಎಂದು ಕೇಳಿ. ಅದೇ ಪ್ರಶ್ನೆ ಮೂರನೇ ಸಲ ಬಂದರೆ ಏನು ಹೇಳಬೇಕೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿರಿ: "ಇದಕ್ಕೆ ಬೆಳಗ್ಗೆ ಉತ್ತರ ಕೊಟ್ಟಿದ್ದೀನಿ ಕಣೇ, ಈಗ ಕೊಟ್ಟರೆ ನಿನಗೇ ಕಷ್ಟ. ಬಾ, ಒಂದು ಸುತ್ತು ನಡ್ಕೊಂಡು ಬರೋಣ." ಪಿಯುಸಿ, ನೀಟ್ ಮಕ್ಕಳಿಗಂತೂ ಊಟದ ಹೊತ್ತಲ್ಲಿ ಮಾರ್ಕ್ಸಿನ ಮಾತು ಬೇಡ. ಓದುವುದು ಎಷ್ಟಾಯಿತು ಎನ್ನುವ ಬದಲು ಇವತ್ತು ಎಷ್ಟೊತ್ತಿಗೆ ನಿಲ್ಲಿಸ್ತೀಯ ಎಂದು ಕೇಳಿ; ನಿಲ್ಲಿಸುವ ಹೊತ್ತು ಗೊತ್ತಿರುವ ಮಗು ಹೆಚ್ಚು ನೆಮ್ಮದಿಯಿಂದ ಓದುತ್ತದೆ.

ಡಾಕ್ಟರ್ ಹತ್ರ ಯಾವಾಗ, ಎಲ್ಲಿಗೆ ಹೋಗಬೇಕು? ಊರಿಗೆಲ್ಲ ಗೊತ್ತಾದರೆ?

ಹಿಡಿತಕ್ಕೆ ಸಿಗದ ಚಿಂತೆ ಹೆಚ್ಚುಕಡಿಮೆ ದಿನವೂ ಇದ್ದು ಆರು ತಿಂಗಳಾಗಿದ್ದರೆ, ಜೊತೆಗೆ ಚಡಪಡಿಕೆ, ಸುಸ್ತು, ಗಮನ ನಿಲ್ಲದಿರುವುದು, ಸಿಡುಕು, ಮೈ ಬಿಗಿತ, ನಿದ್ದೆಗೇಡು ಇವುಗಳಲ್ಲಿ ಮೂರಾದರೂ ಇದ್ದರೆ ಅದನ್ನು ಆತಂಕದ ಕಾಯಿಲೆ ಎಂದು ವೈದ್ಯರು ಪರಿಗಣಿಸುತ್ತಾರೆ. ಆರು ತಿಂಗಳು ಕಾಯಲೇಬೇಕೆಂದು ಅರ್ಥವಲ್ಲ. ಕೆಲಸ, ಊಟ, ಸಂಬಂಧ ಕೆಡುತ್ತಿದ್ದರೆ, ಎರಡು ವಾರದಿಂದ ಯಾವುದರಲ್ಲೂ ಆಸೆ ಇಲ್ಲದಿದ್ದರೆ ಈಗಲೇ ಹೋಗಿ. ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿಯಲ್ಲಿ 21ಕ್ಕೆ 10 ಅಥವಾ ಹೆಚ್ಚು ಅಂಕ ಬಂದರೂ ಹಾಗೆಯೇ. ಅದನ್ನು ದಿನಾ ತುಂಬಿಸುತ್ತ ಕೂರಬೇಡಿ, ಎರಡು ವಾರಕ್ಕೊಮ್ಮೆ ಸಾಕು. ಥೈರಾಯ್ಡ್ ಹೆಚ್ಚಾಗಿದ್ದರೂ, ರಕ್ತ ಕಡಿಮೆ ಇದ್ದರೂ ಎದೆ ಬಡಿತ, ಸುಸ್ತು ಬರುತ್ತದೆ. ಅದರ ಪರೀಕ್ಷೆಯನ್ನು ವೈದ್ಯರು ಮೊದಲು ಮಾಡಿಸಬಹುದು.

ಹಾಸನದಲ್ಲಿ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ), ಚಿಕ್ಕಮಗಳೂರಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ನಿಗದಿತ ದಿನ ಬರುತ್ತಾರೆ, ನಿಮ್ಮ ತಾಲೂಕಿನ ದಿನವನ್ನು ಫೋನ್ ಮಾಡಿ ಕೇಳಿಕೊಳ್ಳಿ. ಮನೆಯಿಂದಲೇ ಮಾತಾಡುವುದಿದ್ದರೆ ಟೆಲಿ ಮಾನಸ್: 14416, ಇಲ್ಲವೇ 1800-891-4416. 2022ರ ಅಕ್ಟೋಬರಿನಿಂದ ಇದೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ವಿಷಯ ಗುಟ್ಟಾಗಿರಬೇಕು ಎನ್ನುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು.

ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಂದು ಸಲದಂತೆ 12ರಿಂದ 16 ಭೇಟಿ. ಆತಂಕಕ್ಕೆ ಮೊದಲು ಕೊಡುವ ಮಾತ್ರೆಗಳು ಕೆಲಸ ತೋರಿಸಲು ಎರಡರಿಂದ ಆರು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಸ್ವಲ್ಪ ಹೆಚ್ಚಾಗಬಹುದು. ಅವು ಚಟ ಹಿಡಿಸುವುದಿಲ್ಲ, ಆದರೆ ನೀವೇ ನಿಲ್ಲಿಸಬೇಡಿ. ಆಲ್‌ಪ್ರಜೊಲಾಮ್‌ನಂಥ, ಅರ್ಧ ಗಂಟೆಯಲ್ಲಿ ಹಗುರ ಮಾಡುವ ಮಾತ್ರೆಗಳು ಬೇರೆ ಜಾತಿ, ಅವು ಚಟವಾಗುತ್ತವೆ. ನೆಂಟರ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ತರಬೇಡಿ.

ಮೊದಲ ಭೇಟಿಗೆ ಹೋಗುವಾಗ ಒಂದು ಹಾಳೆ ಬರೆದುಕೊಂಡು ಹೋಗಿ: ಯಾವಾಗಿಂದ, ದಿನಕ್ಕೆ ಅಂದಾಜು ಎಷ್ಟು ಹೊತ್ತು, ನಿದ್ದೆ ಎಷ್ಟು ಗಂಟೆ, ಕಾಫಿ ಎಷ್ಟು ಲೋಟ, ಕುಡಿತ ಇದೆಯಾ, ಬೇರೆ ಯಾವ ಮಾತ್ರೆ ನಡೆಯುತ್ತಿದೆ, ಮನೆಯಲ್ಲಿ ಮತ್ತೆ ಯಾರಿಗಾದರೂ ಇತ್ತಾ. ಹಳೆಯ ರಕ್ತ ಪರೀಕ್ಷೆಯ ವರದಿ, ಆಧಾರ್, ಬಿಪಿಎಲ್ ಕಾರ್ಡು ಜೊತೆಗಿರಲಿ. ಒಪಿಡಿ ಚೀಟಿಯ ಸಾಲು ಬೇಗ ಬೆಳೆಯುತ್ತದೆ, ಬೆಳಗ್ಗೆ ಒಂಬತ್ತರೊಳಗೆ ತಲುಪುವ ಬಸ್ಸು ಹಿಡಿಯಿರಿ.